ಮಂಡಿಯ ಮೃದ್ವಸ್ಥಿ ಮತ್ತು ದೊಡ್ಡಬೆಟ್ಟದ ಮೆಟ್ಟಿಲುಗಳು

ಶ್ರವಣಬೆಳಗೊಳದ ವಿಂಧ್ಯಗಿರಿ, ಊರಿನವರ ಮಾತಿನಲ್ಲಿ ದೊಡ್ಡಬೆಟ್ಟ, ಸುತ್ತಲಿನ ಬಯಲಿನಿಂದ ಸುಮಾರು 470 ಅಡಿ ಎತ್ತರದಲ್ಲಿದೆ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನನ್ನು ಕಾಣಲು ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಬೇಕು, ಅಷ್ಟನ್ನೂ ಇಳಿಯಬೇಕು. ಹೀಗೆ ಹತ್ತಿಳಿಯುವಾಗ ಬೀಳುವ ಭಾರವನ್ನು ತಾಳಿಕೊಳ್ಳುವುದು ಮಂಡಿಯ ಮೃದ್ವಸ್ಥಿ. ವೈದ್ಯರು ಇದನ್ನು ಕಾರ್ಟಿಲೇಜ್ ಎನ್ನುತ್ತಾರೆ.

ರಚನೆ

ಕೀಲಿನಲ್ಲಿ ಸಂಧಿಸುವ ಮೂಳೆಗಳ ತುದಿಗಳನ್ನು ಹೊದಿಸಿರುವ ನುಣುಪಾದ ಪದರವೇ ಮೃದ್ವಸ್ಥಿ. ಮಂಡಿಯಲ್ಲಿ ಅದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಮಾತ್ರ; ಮಂಡಿಚಿಪ್ಪಿನ ಹಿಂಬದಿಯಲ್ಲಿ ಇನ್ನೂ ಹೆಚ್ಚು. ಅದರ ತೂಕದ ಬಹುಪಾಲು ನೀರು. ಋಣ ವಿದ್ಯುದಂಶವುಳ್ಳ ಅಗ್ರಿಕಾನ್ ಅಣುಗಳು ನೀರನ್ನು ಸೆಳೆದು ಉಬ್ಬಲು ಹವಣಿಸುತ್ತವೆ. ಕೊಲಾಜೆನ್ ಎಳೆಗಳ ಜಾಲ ಅವನ್ನು ತಡೆದು ಹಿಡಿಯುತ್ತದೆ. ಬಿಗಿಯಾಗಿ ಕಟ್ಟಿದ ಚೀಲದೊಳಗೆ ನೆನೆದು ಉಬ್ಬಿದ ಕಡಲೆಕಾಳಿನಂತೆ, ಈ ಒಳ ಒತ್ತಡವೇ ಪದರಕ್ಕೆ ಗಡಸುತನ ಕೊಡುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ.

ಭಾರಕ್ಕೆ ಪ್ರತಿಕ್ರಿಯೆ

ಕಾಲೂರಿದ ಕ್ಷಣದಲ್ಲಿ ಪದರದೊಳಗಿನ ನೀರಿಗೆ ಹೊರಹರಿಯಲು ಸಮಯವಿರುವುದಿಲ್ಲ. ಆದ್ದರಿಂದ ಭಾರದ ಹೆಚ್ಚಿನ ಪಾಲನ್ನು ನೀರೇ ಹೊರುತ್ತದೆ, ಎಳೆಗಳಿಗೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ನಿಂತರೆ ನೀರು ನಿಧಾನವಾಗಿ ಜಿನುಗಿ ಪದರ ತೆಳುವಾಗುತ್ತದೆ. ವಿಶ್ರಾಂತಿ ಪಡೆದಾಗ ಮತ್ತೆ ತುಂಬಿಕೊಳ್ಳುತ್ತದೆ. ಪದರದ ಜೀವಕೋಶಗಳಿಗೆ ಪೋಷಕಾಂಶಗಳು ಮುಖ್ಯವಾಗಿ ಕೀಲಿನ ದ್ರವದಿಂದ ಬರುತ್ತವೆ. ಒತ್ತಿ ಬಿಡುವ ಚಲನೆ ಆ ದ್ರವವನ್ನು ಕಲಕಿ ಒಳಗೆ ಸಾಗಲು ನೆರವಾಗುತ್ತದೆ. ಮಿತವಾದ, ಲಯಬದ್ಧ ಭಾರ ಬಿದ್ದಾಗ ಜೀವಕೋಶಗಳು ಹೊಸ ಅಗ್ರಿಕಾನ್ ತಯಾರಿಸುತ್ತವೆ. ಕದಲದ ಭಾರದಲ್ಲಿ ಆ ಕೆಲಸ ಕುಗ್ಗುತ್ತದೆ. ಕಾಲನ್ನು ವಾರಗಟ್ಟಲೆ ಪಟ್ಟಿಯಲ್ಲಿಟ್ಟರೆ ಮೃದ್ವಸ್ಥಿ ತೆಳುವಾಗುತ್ತದೆ. ಆದ್ದರಿಂದ ನಡೆದಷ್ಟೂ ಮಂಡಿ ಸವೆಯುತ್ತದೆ ಎಂಬ ಭಯ ಆರೋಗ್ಯವಂತ ಮಂಡಿಗೆ ಸಲ್ಲದು. ಈ ಭಯದಿಂದಲೇ ಎಷ್ಟೋ ಹಿರಿಯರು ನಡಿಗೆ ಬಿಡುತ್ತಾರೆ, ಅದು ವಿಷಾದದ ಸಂಗತಿ.

ಪೆಟ್ಟು ಬಿದ್ದಾಗ

ಹಠಾತ್ ಆಘಾತದ ಕಥೆ ಬೇರೆ. ಅದು ಕೊಲಾಜೆನ್ ಜಾಲವನ್ನು ಸೀಳಿ ಜೀವಕೋಶಗಳನ್ನು ಕೊಲ್ಲುತ್ತದೆ. ರಕ್ತ ಹರಿಯದ ಕಾರಣ ಮೇಲ್ಪದರದ ಬಿರುಕು ತಾನಾಗಿ ಕೂಡುವುದಿಲ್ಲ, ನರವಿಲ್ಲದ ಕಾರಣ ಆ ಪದರದಿಂದ ನೋವಿನ ಎಚ್ಚರಿಕೆಯೂ ಬರುವುದಿಲ್ಲ. ಬಿರುಕು ಮೂಳೆಯವರೆಗೆ ಇಳಿದರೆ ಅಲ್ಲಿಂದ ಬಂದ ಕೋಶಗಳು ನಾರಿನ ತೇಪೆ ಹಾಕುತ್ತವೆ, ಆದರೆ ಅದು ಮೂಲದಷ್ಟು ಬಾಳುವುದಿಲ್ಲ. ಕಬಡ್ಡಿ, ಫುಟ್ಬಾಲ್‌ಗಳಲ್ಲಿ ಮಂಡಿ ತಿರುಚಿ, ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷಗಳಲ್ಲಿ ಸಂಧಿಕ್ಷಯ, ಅಂದರೆ ಕೀಲಿನ ಸವೆತ, ಕಾಣಿಸಿಕೊಳ್ಳುತ್ತದೆ.

ಬೆಟ್ಟ ಹತ್ತುವವರಿಗೆ

ಕೃತಕ ಕೀಲಿನೊಳಗೆ ಮಾಪಕ ಅಳವಡಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು 2.5 ಪಟ್ಟು, ಮೆಟ್ಟಿಲು ಹತ್ತುವಾಗ 3 ಪಟ್ಟಿಗೂ ಹೆಚ್ಚು, ಇಳಿಯುವಾಗ 3.5 ಪಟ್ಟಿನಷ್ಟು ಭಾರ ಬೀಳುತ್ತದೆ. ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟವೆನಿಸುತ್ತದೆ, ಆದರೆ ಮಂಡಿಗೆ ಇಳಿಯುವುದೇ ಹೆಚ್ಚು ಕಠಿಣ. ಇಳಿಯುವಾಗ ಧುಮುಕಬಾರದು, ಕಂಬಿ ಹಿಡಿದು, ತೊಡೆಯ ಸ್ನಾಯುಗಳ ಬಲದಿಂದ ನಿಧಾನವಾಗಿ ಹೆಜ್ಜೆ ಇಡಬೇಕು. ಮಂಡಿ ಊದಿಕೊಂಡಿದ್ದರೆ ಅಥವಾ ನಡುವೆ ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ಹತ್ತಲಾಗದವರನ್ನು ಹೊತ್ತೊಯ್ಯಲು ಬೆಟ್ಟದ ಬುಡದಲ್ಲಿ ಡೋಲಿಗಳಿವೆ.