ಗಾಜಿನ ಬುರುಡೆ ಬಿಡದ ಗಿಟಾರ್ ವಾದಕರು

ಹಳೆಯ ವಾಲ್ವ್ ರೇಡಿಯೊಗಳನ್ನು ಕಂಡವರಿಗೆ ಅವುಗಳೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳು ನೆನಪಿರುತ್ತವೆ. ಟ್ರಾನ್ಸಿಸ್ಟರ್ ಬಂದ ಮೇಲೆ ಅವು ಮನೆಗಳಿಂದ ಮಾಯವಾದವು. ಎಲೆಕ್ಟ್ರಿಕ್ ಗಿಟಾರ್ ವಾದಕರು ಮಾತ್ರ ಅವುಗಳನ್ನು ಕೈಬಿಟ್ಟಿಲ್ಲ.

ಇದಕ್ಕೆ ಕಾರಣವಿದೆ. ಶಕ್ತಿ ಮೀರಿ ದುಡಿಸಿದಾಗ ವಾಲ್ವ್ ಆಂಪ್ಲಿಫೈಯರಿನ ದನಿ ಒಡೆಯುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಇದು ದೋಷ. ಆದರೆ ಈ ಒಡಕು ಒಮ್ಮೆಲೇ ಬರದೆ, ತಂತಿ ಮೀಟಿದ ಬಲಕ್ಕೆ ತಕ್ಕಂತೆ ಮೆಲ್ಲಗೆ ಏರುತ್ತದೆ. ವಾದಕರು ಮೆಚ್ಚಿದ್ದು ಅದನ್ನೇ.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಡ್ರಮ್ ಶಿಕ್ಷಕ ಜಿಮ್ ಮಾರ್ಷಲ್ 1962ರಲ್ಲಿ ಈ ಕ್ಷೇತ್ರಕ್ಕಿಳಿದರು. ಅಮೆರಿಕದ ಫೆಂಡರ್ ಆಂಪ್ಲಿಫೈಯರುಗಳು ಆಗ ಇಂಗ್ಲೆಂಡಿನಲ್ಲಿ ದುಬಾರಿಯಾಗಿದ್ದವು. ಕೆನ್ ಬ್ರಾನ್, ಡಡ್ಲಿ ಕ್ರೇವನ್ ಅವರೊಡಗೂಡಿ ಫೆಂಡರ್ ಬ್ಯಾಸ್‌ಮನ್ ಮಾದರಿಯನ್ನೇ ಅನುಸರಿಸಿದರೂ ಕೈಗೆ ಸಿಕ್ಕ ಬಿಡಿಭಾಗಗಳು ಬೇರೆಯಾದ್ದರಿಂದ ದನಿಯೂ ಬೇರೆಯಾಯಿತು. ರಾಕ್ ಸಂಗೀತದಲ್ಲಿ ಮುಂದೆ ಮೊಳಗಿದ್ದು ಆ ದನಿ.

ಕಾರ್ಖಾನೆಗಳು ಬೆಳೆದಂತೆ, ಒಂದೊಂದನ್ನೂ ಕೈಯಲ್ಲೇ ಬೆಸುಗೆ ಹಾಕಿ ಕೂಡಿಸುವ ಕುಶಲಿಗಳೂ ಹುಟ್ಟಿಕೊಂಡರು. ಅವರಲ್ಲಿ ಹೆಸರಾದವರು ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಡಂಬಲ್. 2022ರಲ್ಲಿ ನಿಧನರಾದ ಅವರು ತಯಾರಿಸಿದ್ದು ಕೆಲವೇ ನೂರು ಆಂಪ್ಲಿಫೈಯರುಗಳನ್ನು. ಅವುಗಳಲ್ಲಿ ಕೆಲವು ಲಕ್ಷ ಡಾಲರಿಗೂ ಮೀರಿ ಮಾರಾಟವಾಗಿವೆ.

ಆದರೆ ವಾಲ್ವ್ ಇಲ್ಲದೆ ಈ ಕುಶಲತೆ ನಡೆಯದು. ಗಿಟಾರಿಗೆ ಬೇಕಾದ ವಾಲ್ವ್‌ಗಳು ಬಹುಪಾಲು ತಯಾರಾಗುವುದು ರಷ್ಯಾ, ಚೀನಾ, ಸ್ಲೊವಾಕಿಯಾಗಳ ಬೆರಳೆಣಿಕೆಯ ಕಾರ್ಖಾನೆಗಳಲ್ಲಿ. ಉಕ್ರೇನ್ ಯುದ್ಧದ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತಿಗೆ ತಡೆಯೊಡ್ಡಿದಾಗ ವಾದಕರೂ ತಯಾರಕರೂ ಕಂಗಾಲಾದರು. ಸರಬರಾಜು ಮತ್ತೆ ಆರಂಭವಾಯಿತಾದರೂ ಆತಂಕ ಪೂರ್ತಿ ನೀಗಿಲ್ಲ. ಬೆಸುಗೆಯಲ್ಲಿ ಎಷ್ಟೇ ಪಳಗಿದ ಕೈಯಾದರೂ ವಾಲ್ವನ್ನು ಮನೆಯಲ್ಲಿ ತಯಾರಿಸಿಕೊಳ್ಳುವುದು ಸುಲಭವಲ್ಲ.