ಖಿದ್ರಾಪುರದ ಸ್ವರ್ಗಮಂಟಪ: ಕಲ್ಲಿನಲ್ಲಿ ಆಕಾಶವನ್ನು ಓದಿದ ಚರಿತ್ರೆ

ಕಾಗವಾಡ ತಾಲ್ಲೂಕಿನ ಜುಗೂಳದ ದಂಡೆಯಲ್ಲಿ ನಿಂತರೆ ಕೃಷ್ಣೆಯ ಆಚೆ ಕಾಣುವ ಊರು ಖಿದ್ರಾಪುರ. ಆಡಳಿತದ ಲೆಕ್ಕದಲ್ಲಿ ಅದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದ್ದು. ಭಕ್ತರ ಲೆಕ್ಕದಲ್ಲಿ ಎರಡೂ ದಂಡೆಗೆ ಸೇರಿದ್ದು. ಅಲ್ಲಿನ ಕೋಪೇಶ್ವರ ದೇವಾಲಯ ಹನ್ನೆರಡನೆಯ ಶತಮಾನದಲ್ಲಿ, ಕೊಲ್ಲಾಪುರದ ಶಿಲಾಹಾರರ ಕಾಲದಲ್ಲಿ ರೂಪುಗೊಂಡಿತು. ಶಿವಾಲಯವಾದರೂ ಎದುರಿಗೆ ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಹೊರಟ ಸತಿ ನಂದಿಯನ್ನೇರಿ ಚಿಕ್ಕೋಡಿ ತಾಲ್ಲೂಕಿನ ಯಡೂರಿಗೆ ಹೋದಳು, ಆಕೆಯನ್ನು ಕಳೆದುಕೊಂಡು ಕೆರಳಿದ ಶಿವ ಇಲ್ಲಿ ಕೋಪೇಶ್ವರನಾದ ಎಂಬುದು ಸ್ಥಳದ ಕತೆ. ಯಡೂರು ವೀರಭದ್ರನ ಕ್ಷೇತ್ರವೂ ಆಗಿರುವುದರಿಂದ ಕತೆ ಎರಡೂ ಊರುಗಳನ್ನು ಗಟ್ಟಿಯಾಗಿ ಹೊಲಿದಿಟ್ಟಿದೆ.

ಆಕಾಶದ ಚರ್ಚೆ ಹುಟ್ಟುವುದು ದೇವಾಲಯದ ಮುಂಭಾಗದ ಸ್ವರ್ಗಮಂಟಪದಲ್ಲಿ. ಅದರ ಚಾವಣಿಯ ನಟ್ಟನಡುವೆ ಸುಮಾರು 13 ಅಡಿ ಅಗಲದ ದುಂಡನೆಯ ತೆರಪಿದೆ. ಅದರ ನೇರ ಕೆಳಗೆ ನೆಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಅಗಲದ ದುಂಡು ಹಾಸುಗಲ್ಲು, ಸುತ್ತ ಹನ್ನೆರಡು ಕಂಬ. ತಲೆಯೆತ್ತಿ ನೋಡಿದರೆ ತೆರಪಿನ ಅಂಚಿನ ಸುತ್ತ ದಿಕ್ಪಾಲಕರು ತಂತಮ್ಮ ವಾಹನಗಳೊಂದಿಗೆ ಕುಳಿತಿದ್ದಾರೆ: ಆನೆಯ ಮೇಲೆ ಇಂದ್ರ, ಕೋಣದ ಮೇಲೆ ಯಮ. ನವಿಲನ್ನೇರಿದ ಕಾರ್ತಿಕೇಯನೂ ಆ ಸಾಲಿನಲ್ಲಿದ್ದಾನೆ. ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಈ ತೆರಪಿನ ನೇರಕ್ಕೆ ಬಂದು ಹಾಸುಗಲ್ಲಿನ ತುಂಬ ಬೆಳದಿಂಗಳು ಇಳಿಯುತ್ತದೆ. ಅದನ್ನು ನೋಡಲೆಂದೇ ಆ ರಾತ್ರಿ ಜನ ಸೇರುತ್ತಾರೆ.

ಇದು ಬೇಕೆಂದೇ ಮಾಡಿದ್ದೋ, ತಾನಾಗಿ ಒದಗಿದ್ದೋ? ಮೊದಲು ಲೆಕ್ಕ ನೋಡಬೇಕು. ಖಿದ್ರಾಪುರ ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿರುತ್ತಾನೆ. ಕಾರ್ತಿಕದಲ್ಲಿ ಸೂರ್ಯ ಆಕಾಶದ ನಡುರೇಖೆಯಿಂದ ಎಷ್ಟು ದಕ್ಷಿಣಕ್ಕೆ ಇಳಿದಿರುತ್ತಾನೋ ಚಂದ್ರ ಸರಿಸುಮಾರು ಅಷ್ಟೇ ಉತ್ತರಕ್ಕೆ ಏರಿರುತ್ತಾನೆ. ಆ ಅಂತರ ಈಗ ಸಾಧಾರಣವಾಗಿ 16ರಿಂದ 21 ಡಿಗ್ರಿ. ಶಿಲಾಹಾರರ ಕಾಲಕ್ಕೆ ಅಯನಚಲನೆಯಿಂದಾಗಿ ಸರಾಸರಿ ಇನ್ನೂ ತುಸು ಕಡಿಮೆಯಿತ್ತು, ಅಂದರೆ ಊರಿನ ಅಕ್ಷಾಂಶಕ್ಕೆ ಇನ್ನಷ್ಟು ಹತ್ತಿರ. ಆದ್ದರಿಂದ ಕಾರ್ತಿಕದ ಚಂದ್ರ ಇಲ್ಲಿ ನಡುರಾತ್ರಿ ನೆತ್ತಿಯ ಆಸುಪಾಸಿನಲ್ಲೇ ಇರುತ್ತಾನೆ ಎಂಬ ಜನರ ಮಾತು ನಿಜ.

ತೊಡಕು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಚಂದ್ರನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆ. ಆ ಓರೆಯ ದಿಕ್ಕು 18.6 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಹಾಗಾಗಿ ಎಲ್ಲ ವರ್ಷವೂ ಚಂದ್ರ ಒಂದೇ ಜಾಗಕ್ಕೆ ಬರುವುದಿಲ್ಲ. 2024ರ ಕಾರ್ತಿಕ ಹುಣ್ಣಿಮೆಯಲ್ಲಿ ಆತ ನೆತ್ತಿಯಿಂದ ಸುಮಾರು 6 ಡಿಗ್ರಿ ಉತ್ತರಕ್ಕಿದ್ದ. ಆದರೂ ನೋಡುವವರಿಗೆ ನಿರಾಸೆಯಾಗದು: 6 ಡಿಗ್ರಿ ಓರೆಯಾದರೆ ಬೆಳಕು ಪ್ರತಿ ಮೀಟರ್ ಎತ್ತರಕ್ಕೆ ಸರಿಯುವುದು ಹತ್ತು ಸೆಂಟಿಮೀಟರ್ ಮಾತ್ರ, 13 ಅಡಿಯ ವೃತ್ತದಲ್ಲಿ ಅದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅದೇ ಕಾರಣಕ್ಕೆ ಎಷ್ಟೋ ವರ್ಷ ಮಾರ್ಗಶಿರದ ಹುಣ್ಣಿಮೆಯೂ ಹೆಚ್ಚುಕಡಿಮೆ ಇದೇ ನೋಟ ಕೊಡಬಲ್ಲದು. ಇಷ್ಟು ಅಗಲದ ಬಾಯಿಯಿಂದ ಕರಾರುವಾಕ್ಕಾದ ಗುರಿಯನ್ನು ಸಾಧಿಸಿ ತೋರಿಸುವುದು ಕಷ್ಟ.

ಸೂರ್ಯನ ವಿಷಯವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಕ್ಕೂ ವರ್ಷಕ್ಕೆರಡು ಸಲ, ಮೇ ಮೊದಲ ವಾರ ಹಾಗೂ ಆಗಸ್ಟ್ ಮೊದಲ ವಾರದ ಹೊತ್ತಿಗೆ, ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಸ್ವರ್ಗಮಂಟಪದಲ್ಲೂ ಆಗ ಬಿಸಿಲು ನೆಟ್ಟಗೆ ಇಳಿಯಲೇಬೇಕು. ಆಗಸ್ಟಿನಲ್ಲಿ ಮೋಡ, ಮೇ ತಿಂಗಳಲ್ಲಿ ಕಾದ ಕಲ್ಲು. ಹಬ್ಬವಾಗಲು ಎರಡಕ್ಕೂ ಯೋಗವಿಲ್ಲ.

ಇನ್ನೊಂದು ವಿವರಣೆ ತೀರ ನೆಲದ ಮೇಲಿನದು: ಕೆಳಗೆ ಹೋಮ ನಡೆಯುತ್ತಿತ್ತು, ಹೊಗೆ ಹೋಗಲು ಮೇಲೆ ದಾರಿ ಬಿಟ್ಟರು. ಹೋಮದ ಹೊಗೆ ಬೆಳದಿಂಗಳನ್ನು ಅಲ್ಲಗಳೆಯುವುದಿಲ್ಲ, ಒಂದೇ ತೆರಪು ಎರಡಕ್ಕೂ ಆದೀತು. ಕಂಬ ಹನ್ನೆರಡು ಎಂದೊಡನೆ ರಾಶಿಗಳು ನೆನಪಾಗುವುದೂ ಸಹಜ. ಆದರೆ ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ಕಂಬಗಳಲ್ಲಿ ಶಿಲ್ಪಿ ರಾಶಿಚಿಹ್ನೆಗಳನ್ನೇ ಬಿಡಿಸಿದ್ದಾನೆ. ಇಲ್ಲಿ ಅಂಥ ಗುರುತುಗಳಿಲ್ಲ. ಇಲ್ಲಿ ಕೆತ್ತಿರುವುದು ದಿಕ್ಕುಗಳ ಒಡೆಯರನ್ನು. ಕಲ್ಲು ಬಾಯಿಬಿಟ್ಟು ಹೇಳುವುದು ಅಷ್ಟನ್ನೇ.

ಚಿಹ್ನೆ ಸಿಕ್ಕಮಾತ್ರಕ್ಕೆ ಜಗಳ ತೀರುತ್ತದೆ ಎಂದೂ ಇಲ್ಲ. ಈಜಿಪ್ಟಿನ ದೆಂಡೆರಾದಲ್ಲಿ ಹಾಥೋರ್ ದೇವಿಯ ಗುಡಿಯ ಚಾವಣಿಯಲ್ಲಿ ರಾಶಿಚಕ್ರವೊಂದಿತ್ತು. 1821ರಲ್ಲಿ ಅದನ್ನು ಗರಗಸದಿಂದ ಕೊಯ್ದು ಪ್ಯಾರಿಸ್‌ಗೆ ಸಾಗಿಸಿದರು. ರಾಶಿಗಳ ಸ್ಥಾನ ಹಿಡಿದು ಲೆಕ್ಕ ಹಾಕಿದ ಗಣಿತಜ್ಞರಲ್ಲಿ ಕೆಲವರು ಅದಕ್ಕೆ ಸಾವಿರಾರು ವರ್ಷಗಳ ಪ್ರಾಚೀನತೆ ಕೊಟ್ಟರು. 1822ರಲ್ಲಿ ಶಾಂಪೋಲಿಯೋ ಅಲ್ಲಿನ ಲಿಪಿ ಓದಿ ಅದು ರೋಮನ್ ಕಾಲದ್ದೆಂದ. ಮುಂದೆ ಸ್ವತಃ ದೆಂಡೆರಾಕ್ಕೆ ಹೋದಾಗ, ತಾನು ಪ್ಯಾರಿಸ್ಸಿನ ಚಿತ್ರದಲ್ಲಿ ಓದಿದ್ದ ಬಿರುದು ಗೋಡೆಯ ಮೇಲೆ ಇರಲೇ ಇಲ್ಲ, ಆ ಚೌಕಟ್ಟು ಖಾಲಿಯಿತ್ತು. ಈಗ ಅದನ್ನು ಕ್ರಿ.ಪೂ. 50ರ ಸುಮಾರಿಗೆ ಇಡುತ್ತಾರೆ. ಲಿಪಿಯ ಓದು ತಪ್ಪಿದ್ದರೂ ಸತ್ಯಕ್ಕೆ ಹತ್ತಿರವಾದದ್ದು ಅದೇ. ಬರೀ ಆಕಾಶದ ಲೆಕ್ಕ ದೂರ ಒಯ್ದಿತ್ತು.

ಖಿದ್ರಾಪುರದಲ್ಲೂ ಗಟ್ಟಿ ಸಾಕ್ಷಿ ಇರುವುದು ಬರಹದಲ್ಲಿ. ದಕ್ಷಿಣದ ಬಾಗಿಲ ಬಳಿ ದೇವನಾಗರಿ ಲಿಪಿಯ ಸಂಸ್ಕೃತ ಶಾಸನವಿದೆ. ಯಾದವರ ಇಮ್ಮಡಿ ಸಿಂಘಣ ಶ್ರೀಮುಖ ಸಂವತ್ಸರದ ಚೈತ್ರ ಅಮಾವಾಸ್ಯೆ ಸೋಮವಾರ, ಸೂರ್ಯಗ್ರಹಣದ ಹೊತ್ತಿನಲ್ಲಿ ಕೋಪೇಶ್ವರನಿಗೆ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಆ ದಿನ 1213ರ ಏಪ್ರಿಲ್ 22. ವಾರ, ತಿಥಿ, ಸಂವತ್ಸರ, ಗ್ರಹಣ ನಾಲ್ಕೂ ಕೂಡಿ ಬರುತ್ತವೆ. ಶಂಕರ ಬಾಲಕೃಷ್ಣ ದೀಕ್ಷಿತ ಮತ್ತು ರಾಬರ್ಟ್ ಸೆವೆಲ್ 1896ರಲ್ಲಿ ಪಂಚಾಂಗ ಕೋಷ್ಟಕಗಳನ್ನು ಪ್ರಕಟಿಸಿದ ಮೇಲೆ ಇಂಥ ತಾಳೆ ನೋಡುವುದು ಶಾಸನ ಓದುವವರಿಗೆಲ್ಲ ಸುಲಭವಾಯಿತು. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚು ಎಂಬ ನಂಬಿಕೆ ಸಿಂಘಣನಿಗೆ ಎಷ್ಟಿತ್ತೋ, ಆದರೆ ಶಿಲಾಹಾರರ ಇಮ್ಮಡಿ ಭೋಜನನ್ನು ಸೋಲಿಸಿ ಈ ಸೀಮೆಯನ್ನು ವಶ ಮಾಡಿಕೊಳ್ಳುತ್ತಿದ್ದ ಅರಸನಿಗೆ ಸೋತವರ ದೇವರಿಗೆ ದತ್ತಿ ಬಿಡುವುದು ರಾಜಕೀಯವಾಗಿಯೂ ಒಳ್ಳೆಯ ಮುಹೂರ್ತವಾಗಿತ್ತು.

ಸುತ್ತಲಿನ ಸೀಮೆಯ ದಾನಶಾಸನಗಳ ನೆತ್ತಿಯಲ್ಲಿ ಕಾಣುವ ಸೂರ್ಯಚಂದ್ರರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಲಿಂಗವಿರಲಿ, ಜಿನಬಿಂಬವಿರಲಿ, ಮೇಲೆ ಒಂದು ಬಿಲ್ಲೆ, ಒಂದು ಬಾಗಿದ ಗೆರೆ. ಅವು ಯಾವುದೋ ರಾತ್ರಿಯ ಆಕಾಶದ ನಕ್ಷೆಯಲ್ಲ. ಸೂರ್ಯಚಂದ್ರರಿರುವವರೆಗೂ ದತ್ತಿ ನಡೆಯಲಿ ಎಂಬ ಕರಾರಿನ ಮುದ್ರೆ. ಹಾಗೆಂದು ನಿಸ್ಸಂದೇಹವಾಗಿ ಹೇಳಲಾಗುವುದು ಕೆಳಗಿನ ಬರಹವೇ ಆ ಮಾತನ್ನು ಹೇಳುವುದರಿಂದ.