ಲೆಕ್ಕಕ್ಕೆ ಸಿಗದ ಚಂದಾದಾರರು

ಪತ್ರಿಕೆಯ ಕಚೇರಿಯಲ್ಲಿ ಚಂದಾದಾರರ ಪಟ್ಟಿ ಇರುತ್ತದೆ: ಹೆಸರು, ವಿಳಾಸ, ಚಂದಾ ಮುಗಿಯುವ ತಿಂಗಳು. ಆನ್‌ಲೈನ್ ಕ್ಯಾಲೆಂಡರ್ ಹಂಚುವವರ ಬಳಿ ಸಾಮಾನ್ಯವಾಗಿ ಅಂಥ ಪಟ್ಟಿ ಇರುವುದಿಲ್ಲ. ಸಂಘವೊಂದು ತನ್ನ ಕಾರ್ಯಕ್ರಮಗಳ ಫೀಡನ್ನು ಪ್ರಕಟಿಸಿದರೆ, ಎಷ್ಟು ಜನ ಅದನ್ನು ಫೋನಿಗೆ ಸೇರಿಸಿಕೊಂಡಿದ್ದಾರೆಂದು ಸಂಘಕ್ಕೇ ತಿಳಿಯದು. ಈ ಕತ್ತಲೆಗೆ ಒಂದು ಚರಿತ್ರೆಯಿದೆ.

1996ರಲ್ಲಿ ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳ ಒಕ್ಕೂಟ 'ವಿಕ್ಯಾಲೆಂಡರ್' ಎಂಬ ಕಡತ ರೂಪವನ್ನು ಕೊಟ್ಟಿತು. ಅದರ ಮುಂದುವರಿಕೆಯೇ 1998ರ ನವೆಂಬರ್‌ನಲ್ಲಿ ಬಂದ 'ಐಕ್ಯಾಲೆಂಡರ್'. ಅದನ್ನು ಬರೆದವರು ಲೋಟಸ್‌ನ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್. ಅದೇ ತಿಂಗಳು ಬಂದ ಜೊತೆ ದಾಖಲೆಯೊಂದು ಎರಡು ದಾರಿಗಳನ್ನು ಬೇರ್ಪಡಿಸಿತು. ಒಂದು ಆಹ್ವಾನ: ಕರೆದವರ ಹೆಸರಿರುತ್ತದೆ, ಬರುವೆ ಅಥವಾ ಬಾರೆ ಎಂಬ ಉತ್ತರ ಬರುತ್ತದೆ. ಇನ್ನೊಂದು ಪ್ರಕಟಣೆ: ಅದರಲ್ಲಿ ಅತಿಥಿಗಳ ಹೆಸರಿಗೆ ಜಾಗವಿಲ್ಲ, ಉತ್ತರದ ನಿರೀಕ್ಷೆಯೂ ಇಲ್ಲ.

2002ರಲ್ಲಿ ಆ್ಯಪಲ್‌ನ 'ಐಕ್ಯಾಲ್' ಈ ಎರಡನೆಯ ದಾರಿಯನ್ನು ಜನಸಾಮಾನ್ಯರಿಗೆ ತೆರೆಯಿತು. ಕಡತ ಒಂದು ವಿಳಾಸದಲ್ಲಿ ಕುಳಿತಿರುತ್ತದೆ. ಚಂದಾದಾರರ ತಂತ್ರಾಂಶ ಆಗಾಗ ಹೋಗಿ ಹೊಸ ಪ್ರತಿ ತರುತ್ತದೆ. ಸರ್ವರ್‌ನ ದಾಖಲೆಯಲ್ಲಿ ಉಳಿಯುವುದು ಆ ಭೇಟಿ ಮಾತ್ರ, ವ್ಯಕ್ತಿಯಲ್ಲ. ಒಬ್ಬರ ಫೋನು, ಲ್ಯಾಪ್‌ಟಾಪು ಇಬ್ಬರಂತೆ ಕಾಣಬಹುದು. 2006ರಲ್ಲಿ ಬಂದ ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊರಗಿನ ಫೀಡನ್ನು ತರುವುದು ಗೂಗಲ್‌ನ ಸರ್ವರ್, ಓದುಗರ ಫೋನಲ್ಲ. ಯುಗಾದಿಯಂದು ಒಬ್ಬರು ಪಂಚಾಂಗ ಓದುತ್ತಾರೆ, ನೆರೆದವರೆಲ್ಲ ಕೇಳುತ್ತಾರೆ. ಪಂಚಾಂಗ ಅಚ್ಚು ಹಾಕಿಸಿದವರಿಗೆ ಆ ಕೇಳುಗರ ಎಣಿಕೆ ಸಿಗುವುದೆಲ್ಲಿ?

ಸುದ್ದಿ ಮತ್ತು ಬ್ಲಾಗುಗಳ ಫೀಡುಗಳಿಗೂ ಇದೇ ತೊಡಕಿತ್ತು. ಅಲ್ಲೊಂದು ಉಪಾಯ ಹುಟ್ಟಿತು. 2005ರಲ್ಲಿ ಶುರುವಾಗಿ 2013ರಲ್ಲಿ ಮುಚ್ಚಿದ ಗೂಗಲ್ ರೀಡರ್, ಫೀಡು ತರಲು ಹೋದಾಗ ತನ್ನ ಪರಿಚಯದ ಸಾಲಿನಲ್ಲೇ ಚಂದಾದಾರರ ಸಂಖ್ಯೆಯನ್ನು ಹೇಳುತ್ತಿತ್ತು. 2004ರ ಫೀಡ್‌ಬರ್ನರ್ ಸಂಸ್ಥೆ ಇಂಥ ಎಣಿಕೆಯನ್ನೇ ಸೇವೆಯಾಗಿಸಿತು. 2007ರಲ್ಲಿ ಗೂಗಲ್ ಅದನ್ನು ಕೊಂಡಿತು. ಸಂಖ್ಯೆ ಗೊತ್ತಾಗುತ್ತಿತ್ತು, ಹೆಸರು ಗೊತ್ತಾಗುತ್ತಿರಲಿಲ್ಲ.

ಪಟ್ಟಿ ಇಲ್ಲದ್ದರ ಬೆಲೆ ತಿಳಿಯುವುದು ಫೀಡಿನ ವಿಳಾಸ ಬದಲಾದಾಗ. ಹಳೆಯ ವಿಳಾಸವನ್ನೇ ನಂಬಿದವರಿಗೆ ಪ್ರತ್ಯೇಕವಾಗಿ ಪತ್ರ ಬರೆಯಲಾಗದು. ಮುಂದೂಡಿದ ಸಭೆ ಅವರ ಫೋನಿನಲ್ಲಿ ಹಳೆಯ ದಿನಕ್ಕೇ ಅಂಟಿಕೊಂಡಿರುತ್ತದೆ. ಹೊಸ ವಿಳಾಸಕ್ಕೆ ದಾರಿ ತೋರಿಸುವ ಸೂಚನೆಯನ್ನು ಹಳೆಯ ಕಡೆ ಬಹುಕಾಲ ಉಳಿಸಬೇಕು. ಒಬ್ಬೊಬ್ಬರಿಗೂ ಬೇರೆ ಗುಟ್ಟಿನ ವಿಳಾಸ ಕೊಟ್ಟರೆ ಎಣಿಸಬಹುದು, ಬೇಡವಾದಾಗ ಒಂದನ್ನೇ ಮುಚ್ಚಬಹುದು. ಆದರೆ ಆಗ ಯಾರ ಯಂತ್ರ ಯಾವಾಗ ಬಂದಿತೆಂಬುದೂ ದಾಖಲಾಗುತ್ತದೆ.

ಭಜನೆಯ ವೇಳಾಪಟ್ಟಿಯಾದರೆ ಅದರಿಂದ ತೊಂದರೆಯಿಲ್ಲ ಅನ್ನಬಹುದು. ಮುಷ್ಕರದ ಸಭೆಗಳದ್ದೋ, ಕಾಯಿಲೆಯೊಂದರ ರೋಗಿಗಳ ಬಳಗದ್ದೋ ಆದರೆ ಚಂದಾದಾರರ ಪಟ್ಟಿಯೇ ಅಪಾಯ. 1998ರ ದಾಖಲೆ ಪ್ರಕಟಣೆಯಲ್ಲಿ ಹೆಸರಿಗೆ ಜಾಗ ಬಿಡದಿದ್ದುದು ಬರೀ ಕೊರತೆಯಲ್ಲ. ಲೆಕ್ಕಕ್ಕೆ ಸಿಗದೆ ಓದುವ ಹಕ್ಕು ಅದರಿಂದಲೇ ಉಳಿದಿದೆ.